ಉದ್ದರಿ ಸೀರೆಯ ಬಡ್ಡಿ

ಮದರಾಸಿನ ಕಡೆಯಿಂದ ಬೆಂಗಳೂರಿಗೆ ಬರುವ ರೈಲು ಬಂಗಾರಪೇಟೆಯನ್ನು ದಾಟಿ ಮಾಲೂರನ್ನು ಮುಟ್ಟುವುದಕ್ಕೆ ಮೊದಲು, ಹೆಬ್ಬಂಡೆಗಳು ಒಂದರ ಮೇಲೊಂದು ನಿಂತ ಬೆಟ್ಟಸಾಲೊಂದರ ಮಗ್ಗುಲಲ್ಲಿ ಹಾದುಹೋಗುತ್ತದೆ. ಆ ಬೆಟ್ಟದ ತಪ್ಪಲಲ್ಲಿ, ರೈಲ್ವೆಯ ದಾಖಲೆಗಳಲ್ಲಿ ಟ್ಯಾಕಲ್ ಎಂದೂ ಜನರ ಬಾಯಲ್ಲಿ ಟೇಕಲ್ ಎಂದೂ ಕರೆಯಿಸಿಕೊಳ್ಳುವ ಹೋಬಳಿಯ ಊರು ಇದೆ. ಹದಿನೈದನೆಯ ಶತಮಾನದಲ್ಲಿ ಸಾಳುವ ಗೋಪರಾಜನು ವಿಜಯನಗರದ ದೊರೆಗಳಿಗೆ ಅಧೀನನಾಗಿದ್ದುಕೊಂಡು ಇಲ್ಲಿ ಪ್ರಬಲನಾಗಿದ್ದನೆಂಬುದಕ್ಕೂ, ಇಲ್ಲಿಯ ವರದರಾಜಸ್ವಾಮಿಗೆ ಭಕ್ತರು ಸಲ್ಲಿಸಿದ ದತ್ತಿಗಳಿಗೂ ಶಿಲಾಶಾಸನಗಳ ಆಧಾರವುಂಟು. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ 10ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ್ದರಿಂದ ಈ ಸಂಗತಿಗಳು ಪಂಡಿತರಿಗೆ ಸುಲಭವಾಗಿ ದೊರೆಯುತ್ತವೆ. ಆದರೆ ಊರಿನ ಹೆಂಗಸರು ಉಟ್ಟ ಸೀರೆಗೆ ಹಣ ಎಲ್ಲಿಂದ ಬಂದಿತು, ಅದನ್ನು ಎಷ್ಟು ತಿಂಗಳು ತೀರಿಸಿದರು, ಸೀರೆ ಹರಿದ ಮೇಲೂ ಸಾಲ ಉಳಿಯುತ್ತಿದ್ದಿತೆ ಎಂಬ ವಿಚಾರವನ್ನು ಯಾರೂ ಕಲ್ಲಿನಲ್ಲಿ ಕೊರೆಯಿಸಲಿಲ್ಲ. ಚರಿತ್ರೆಯ ಈ ಕ್ಷುದ್ರವೆನಿಸುವ ಭಾಗವೇ ಈ ಲೇಖನದ ವಿಷಯ.

ಬಡ್ಡಿಯನ್ನು ಕಲ್ಲಿನಲ್ಲಿ ಕೊರೆಯಿಸುವ ಪದ್ಧತಿ ಮಾತ್ರ ಕನ್ನಡ ನಾಡಿನಲ್ಲಿ ಇದ್ದೇ ಇದ್ದಿತು. ದೇವರ ನಂದಾದೀಪಕ್ಕೆಂದು ಕೆಲವು ಗದ್ಯಾಣಗಳನ್ನು ವರ್ತಕರ ಸಮೂಹದ ವಶಕ್ಕೆ ಕೊಟ್ಟು, ಅಸಲು ಕರಗದಂತೆ ಕಾಪಾಡಿ, ವರ್ಷವರ್ಷವೂ ಅದರ ಬಡ್ಡಿಯಿಂದ ಎಣ್ಣೆಯನ್ನು ಒದಗಿಸತಕ್ಕದ್ದೆಂದು ವಿಧಿಸುವ ಶಾಸನಗಳು ನಾಡಿನ ಅನೇಕ ಕಡೆಗಳಲ್ಲಿ ದೊರೆತಿವೆ. ದೇವರು ಸಾಲ ಕೊಟ್ಟಾಗ ಅಸಲು ಎಷ್ಟು, ಬಡ್ಡಿ ಎಷ್ಟು ಎಂಬುದು ದಾರಿಹೋಕನಿಗೂ ಗೋಚರವಾಗಬೇಕೆಂಬ ಈ ನಿಯಮವು ಮನುಷ್ಯರು ತಮ್ಮತಮ್ಮಲ್ಲಿ ಮಾಡಿಕೊಂಡ ಸಾಲಗಳಿಗೆ ಅನ್ವಯಿಸಲಿಲ್ಲವೆಂಬುದು ನಮ್ಮ ದುರದೃಷ್ಟ.

ಹಾಗೆಂದು ಶಾಸ್ತ್ರವು ಈ ವಿಷಯದಲ್ಲಿ ಮೌನವಾಗಿದ್ದಿತೆಂದು ಹೇಳುವಂತಿಲ್ಲ. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣನಗರದಲ್ಲಿ ಕುಳಿತು ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದದ್ದು ಯಾವ ಸ್ಮೃತಿಗೋ ಆ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ, ಅಡವು ಇಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಭಾಗ, ಎಂದರೆ ನೂರಕ್ಕೆ ಒಂದೂಕಾಲು, ಬಡ್ಡಿಯೆಂದು ವಿಧಿಸಲಾಗಿದೆ. ಕಾಡನ್ನು ಹಾದುಹೋಗುವ ವರ್ತಕನಿಗೆ ನೂರಕ್ಕೆ ಹತ್ತು, ಸಮುದ್ರವನ್ನು ದಾಟುವವನಿಗೆ ಇಪ್ಪತ್ತು. ಅದಕ್ಕಿಂತ ಗಮನಾರ್ಹವಾದದ್ದು ವೃದ್ಧಿಗೆ ಹಾಕಿದ ಕಟ್ಟು: ಚಿನ್ನದ ಸಾಲವು ಎಷ್ಟು ಕಾಲವಾದರೂ ಎರಡರಷ್ಟನ್ನು ಮೀರಕೂಡದು, ಧಾನ್ಯವು ಮೂರರಷ್ಟನ್ನು, ವಸ್ತ್ರವು ನಾಲ್ಕರಷ್ಟನ್ನು. ಬಟ್ಟೆಯ ಸಾಲವು ಚಿನ್ನದ ಸಾಲಕ್ಕಿಂತ ಇಮ್ಮಡಿಯಾಗಿ ಬೆಳೆಯಲು ಸ್ಮೃತಿಕಾರನು ಏಕೆ ಅನುಮತಿಸಿದನು? ಚಿನ್ನವು ಸವೆಯದೆ ಇರುವುದು, ಬಟ್ಟೆಯು ಉಟ್ಟವರ ಮೈಮೇಲೆಯೇ ನಾಶವಾಗುವುದು, ಆದುದರಿಂದ ಕೊಟ್ಟವನಿಗೆ ಅಪಾಯ ಹೆಚ್ಚೆಂದು ಅವನು ಎಣಿಸಿದ್ದಿರಬಹುದೆಂದು ನನಗೆ ತೋರುತ್ತದೆ. ಕಾರಣವೇನೇ ಇರಲಿ, ಸಾವಿರ ವರ್ಷಗಳ ಹಿಂದೆಯೇ ಬಟ್ಟೆಯ ಸಾಲವು ಚಿನ್ನ, ಧಾನ್ಯಗಳ ಸಾಲಕ್ಕಿಂತ ದುಬಾರಿಯಾಗಿದ್ದಿತೆಂಬುದೂ, ಆದರೆ ಆ ದುಬಾರಿಗೂ ಒಂದು ಮೇರೆಯಿದ್ದಿತೆಂಬುದೂ ಇದರಿಂದ ಸ್ಪಷ್ಟ. ಬಡ್ಡಿಯು ಅಸಲನ್ನು ಮೀರಕೂಡದೆಂಬ ದಾಮ್‌ದುಪ್ಪಟ್ಟಿನ ನ್ಯಾಯವನ್ನು ಆಂಗ್ಲರ ಕಾಲದಲ್ಲಿ ಬೊಂಬಾಯಿ ಪ್ರಾಂತದ ಮತ್ತು ಕಲ್ಕತ್ತಾ ನಗರದ ನ್ಯಾಯಸ್ಥಾನಗಳು ಮನ್ನಿಸಿದವು. ಕೋಲಾರದ ಗಡಿಗೆ ಹೊಂದಿಕೊಂಡಿದ್ದ ಮದರಾಸು ಪ್ರಾಂತದಲ್ಲಿ ಅದಕ್ಕೆ ಆ ಮನ್ನಣೆ ದೊರೆಯಲಿಲ್ಲ.

ಶಾಸ್ತ್ರದಿಂದ ಪೇಟೆಗೆ ಇಳಿದರೆ ಮೊದಲ ಸಾಕ್ಷಿಯಾಗಿ ಸಿಕ್ಕುವವನು ಫ್ರಾನ್ಸಿಸ್ ಬುಕನನ್. ಟಿಪ್ಪು ಸುಲ್ತಾನನ ಪತನವಾದ ಮರುವರ್ಷ, 1800ರಲ್ಲಿ, ಕಂಪೆನಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಕೋಲಾರದ ಸೀಮೆಯನ್ನು ಹಾದು ಬೆಂಗಳೂರಿಗೆ ಬಂದ ಈ ವೈದ್ಯನು ಅಲ್ಲಿಯ ನೇಕಾರರನ್ನು ವಿಚಾರಿಸಿ ಬರೆದುಕೊಂಡನು: ಸರಕಿಗೆ ಗಿರಾಕಿ ಹೆಚ್ಚಾಗಿದ್ದಾಗ ವರ್ತಕರು ಅರ್ಧ ಬೆಲೆಯನ್ನೋ ಪೂರ್ಣ ಬೆಲೆಯನ್ನೋ ಮುಂಗಡವಾಗಿ ಕೊಡುತ್ತಿದ್ದರು, ಗಿರಾಕಿ ಕುಗ್ಗಿದಾಗ ನೇಕಾರರು ಸಾಹುಕಾರರಲ್ಲಿ ತಿಂಗಳಿಗೆ ನೂರಕ್ಕೆ ಎರಡರಂತೆ ಸಾಲವೆತ್ತಿ ನೇಯುತ್ತಿದ್ದರು. ಬಟ್ಟೆಯು ಮಗ್ಗದಿಂದ ಇಳಿಯುವಾಗಲೇ ಬಡ್ಡಿಯನ್ನು ಹೊತ್ತುಕೊಂಡು ಇಳಿಯುತ್ತಿದ್ದಿತೆಂದು ಇದರ ಅರ್ಥ. ಅದನ್ನು ಕೊಂಡ ವರ್ತಕನೂ ಸಾಲದ ಹಣದಲ್ಲೇ ಕೊಂಡಿರುತ್ತಿದ್ದನು. ಆತನಿಂದ ಸಂತೆಯ ವ್ಯಾಪಾರಿ, ಅವನಿಂದ ಹಳ್ಳಿಯ ಗೃಹಿಣಿ. ಹೀಗೆ ಕೈಯಿಂದ ಕೈಗೆ ಹೋಗುತ್ತಾ ಬೆಲೆಯೊಳಗೆ ಎಷ್ಟು ಬಡ್ಡಿ ಹುದುಗಿಕೊಂಡಿದ್ದಿತೆಂಬುದನ್ನು ಬಿಡಿಸಿ ಹೇಳಲು ಕೊನೆಯಲ್ಲಿ ನಿಂತ ಆಕೆಗೆ ಸಾಧ್ಯವೇ ಇರಲಿಲ್ಲ.

1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ಉಗಿಬಂಡಿ ಓಡತೊಡಗಿದ ಮೇಲೆ ಮಿಲ್ಲಿನ ಬಟ್ಟೆ ಸುಲಭವಾಗಿ ಈ ಭಾಗದೊಳಕ್ಕೆ ಬಂದಿತು. ಮೊದಲು ಮ್ಯಾಂಚೆಸ್ಟರಿನದು, 1884ರಲ್ಲಿ ಸ್ಥಾಪಿತವಾದ, ಜನರು ಬಿನ್ನಿ ಮಿಲ್ಲೆಂದು ಕರೆಯುವ, ಬೆಂಗಳೂರಿನ ಗಿರಣಿಯದು ಅನಂತರ. ಅದೇ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರು ಕೋಲಾರದ ಚಿನ್ನದ ಗಣಿಗಳಲ್ಲಿ ಕೆಲಸವನ್ನು ವಿಸ್ತರಿಸಲು, ರೈಲಿನಲ್ಲಿ ಅಲ್ಪ ದೂರದಲ್ಲೇ ಸಾವಿರಾರು ಕೂಲಿಕಾರರು ನಿಗದಿಯಾದ ದಿನ ನಗದು ಬಟವಾಡೆಯನ್ನು ಎಣಿಸಿಕೊಳ್ಳುವ ಹೊಸ ಲೋಕವೊಂದು ಹುಟ್ಟಿಕೊಂಡಿತು. ಇದು ಉದ್ದರಿಯ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ. ಅದುವರೆಗೆ ಸಾಲದ ಪಂಚಾಂಗವು ರಾಗಿಯ ಪಂಚಾಂಗವೇ ಆಗಿದ್ದಿತು. ಸುಗ್ಗಿಯಾದ ಮೇಲೆ ಕೊಡುವುದು, ಮಳೆ ತಪ್ಪಿದರೆ ಮುಂದಿನ ಸುಗ್ಗಿಗೆ ಹೇಳುವುದು. ಬಟವಾಡೆ ಬಂದ ಮೇಲೆ ಸಾಲವನ್ನು ವಾರಕ್ಕೆ, ತಿಂಗಳಿಗೆ ಕತ್ತರಿಸಿ ಕಟ್ಟುವ ಕಂತು ಸಾಧ್ಯವಾಯಿತು. ಟೇಕಲ್ಲಿನ ಬಂಡೆಗಳನ್ನು ಒಡೆದು ಚಪ್ಪಡಿ, ಕೂಚ, ಸೈಜುಗಲ್ಲುಗಳನ್ನು ತೆಗೆಯುತ್ತಿದ್ದ ಕಲ್ಲುಕುಟಿಗರ ಸಂಸಾರಗಳಿಗೂ ಗುತ್ತಿಗೆದಾರನ ಬಟವಾಡೆಯೇ ಜೀವನಾಧಾರವಾದುದರಿಂದ, ಬಟ್ಟೆಯ ಮೂಟೆಯವನಿಗೆ ಇಂಥ ಕೇರಿಗಳು ಒಣಬೇಸಾಯದ ಹಳ್ಳಿಗಳಿಗಿಂತ ಹೆಚ್ಚು ನಂಬಿಕೆಯ ಸ್ಥಳಗಳಾದವು.

ಈ ಮೂಟೆಯವನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಲೆಯ ಮೇಲೋ, ಆಮೇಲಿನ ಕಾಲದಲ್ಲಿ ಸೈಕಲ್ಲಿನ ಹಿಂಬದಿಯಲ್ಲೋ ದುಪ್ಪಟಿಯಲ್ಲಿ ಕಟ್ಟಿದ ಗಂಟನ್ನು ಹೊತ್ತು, ಗಂಡಸರು ಕೆಲಸಕ್ಕೆ ಹೋದ ಹೊತ್ತನ್ನು ನೋಡಿಕೊಂಡು ಕೇರಿಗೆ ಬರುವನು. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಗಣಿಯ ಕಡೆಗೆ ಹೋದರೆ ತಮಿಳು ಆಡುವನು. ಜಗಲಿಯ ಮೇಲೆ ಗಂಟು ಬಿಚ್ಚಿ, ಸೀರೆಯ ಸೆರಗನ್ನು ಮಾತ್ರ ಹೊರಕ್ಕೆಳೆದು, ಮೊಳಕೈ ಮೇಲೆ ಹರಡಿ, ಬಿಸಿಲಿಗೆ ಹಿಡಿದು ತೋರಿಸುವನು. ಬೆಲೆ ಕೇಳಿದರೆ ತಕ್ಷಣ ಹೇಳದೆ, ‘ನಗದೋ, ಕಂತೋ?’ ಎಂದು ಕೇಳುವನು. ನಗದಾದರೆ ಇಪ್ಪತ್ತು ರೂಪಾಯಿ. ಕಂತಾದರೆ ಇಪ್ಪತ್ತೈದು, ಈಗೊಂದು ರೂಪಾಯಿ, ಆಮೇಲೆ ವಾರಕ್ಕೊಂದು. ಅಂಗಿಯ ಒಳಜೇಬಿನಿಂದ ಉದ್ದನೆಯ ಸಣ್ಣ ಪುಸ್ತಕವೊಂದು ಹೊರಬರುವುದು; ಅದರಲ್ಲಿ ಮನೆಗೊಂದು ಹಾಳೆ, ಹೆಸರಿಗೆ ಬದಲು ಗುರುತು: ಬಾವಿಯ ಪಕ್ಕದ ಮನೆ, ಕುಂಟನ ತಂಗಿ, ಹೊಸ ಸೊಸೆ. ಕೊಟ್ಟ ಪ್ರತಿ ರೂಪಾಯಿಗೂ ಒಂದು ಗೀಟು. ಆ ಗೀಟುಗಳಿಗೆ ಪ್ರತಿಯಾಗಿ ಕೊಂಡವಳ ಬಳಿ ಯಾವ ಕಾಗದವೂ ಇರುತ್ತಿರಲಿಲ್ಲ. ಗೋಡೆಯ ಮೇಲೆ ಇದ್ದಿಲಿನಲ್ಲಿ ತಾನೇ ಎಳೆದುಕೊಂಡ ಗೀಟುಗಳಿದ್ದರೆ ಉಂಟು.

ನಾನು ಮೇಲೆ ಹೇಳಿದ ಬೆಲೆಗಳು ಲೆಕ್ಕವನ್ನು ಬಿಡಿಸಲು ತೆಗೆದುಕೊಂಡ ಅಂಕಿಗಳು. ವ್ಯಾಪಾರದ ರೀತಿ ಮಾತ್ರ ನಿಜವಾದದ್ದು. ಈ ಲೆಕ್ಕದ ಒಳಗನ್ನು ನೋಡೋಣ. ಇಪ್ಪತ್ತಕ್ಕೆ ಐದು ಹೆಚ್ಚು. ಮೇಲ್ನೋಟಕ್ಕೆ ನೂರಕ್ಕೆ ಇಪ್ಪತ್ತೈದರ ಬಡ್ಡಿ. ಆದರೆ ಆ ಇಪ್ಪತ್ತು ರೂಪಾಯಿ ವರ್ಷವೆಲ್ಲ ಆಕೆಯ ಕೈಯಲ್ಲಿ ಇರುವುದಿಲ್ಲ. ಮೊದಲನೆಯ ದಿನವೇ ಒಂದು ರೂಪಾಯಿ ಹೋಗಿ ಹತ್ತೊಂಬತ್ತಾಗುತ್ತದೆ. ಮುಂದೆ ವಾರವಾರವೂ ಕರಗುತ್ತಾ ಇಪ್ಪತ್ತನಾಲ್ಕು ವಾರಗಳಲ್ಲಿ, ಎಂದರೆ ಆರು ತಿಂಗಳಿಗಿಂತ ಮೊದಲೇ, ತೀರಿಹೋಗುತ್ತದೆ. ಸರಾಸರಿಯಲ್ಲಿ ಆಕೆಯು ಸುಮಾರು ಹತ್ತು ರೂಪಾಯಿಯನ್ನು ಐದೂವರೆ ತಿಂಗಳು ಸಾಲವಾಗಿ ಇಟ್ಟುಕೊಂಡು ಅದಕ್ಕೆ ಐದು ರೂಪಾಯಿ ತೆತ್ತಂತಾಯಿತು. ವಾರದ ಲೆಕ್ಕದಲ್ಲಿ ನೂರಕ್ಕೆ ಎರಡರ ಸಮೀಪ. ವರ್ಷದ ಲೆಕ್ಕದಲ್ಲಿ ನೂರಕ್ಕೆ ನೂರರ ಆಸುಪಾಸು. ಬುಕನನ್ ಕಂಡ ಬೆಂಗಳೂರಿನ ಸಾಹುಕಾರನು ತಿಂಗಳಿಗೆ ಕೇಳಿದ್ದನ್ನು ಸೀರೆಯವನು ವಾರಕ್ಕೆ ತೆಗೆದುಕೊಳ್ಳುತ್ತಿದ್ದನು, ಬಡ್ಡಿಯೆಂಬ ಮಾತನ್ನೇ ಎತ್ತದೆ.

ಇಷ್ಟಾದರೂ ಆ ಮೂಟೆಯವನನ್ನು ನಾನು ಪೂರ್ಣವಾಗಿ ದೂಷಿಸಲಾರೆ. ಅವನ ಎರಡು ಬೆಲೆಗಳನ್ನು ಆಕೆಯು ಗಂಟು ಕಟ್ಟುವ ಮೊದಲೇ ಕೇಳಿರುತ್ತಿದ್ದಳು. ಐದು ರೂಪಾಯಿ ಹೆಚ್ಚೆಂದು ಆಕೆಗೆ ಗೊತ್ತು. ಒಂದು ವಾರ ತಪ್ಪಿದರೆ ಅವನು ಗೊಣಗುವನು, ಎರಡು ವಾರ ತಪ್ಪಿದರೆ ಬೀದಿಯಲ್ಲಿ ನಿಂತು ಕೂಗಿ ಮಾನ ಕಳೆಯುವನು, ಆದರೆ ಇಪ್ಪತ್ತೈದು ಇಪ್ಪತ್ತೈದಾಗಿಯೇ ಉಳಿಯುವುದು. ಬರೆದ ಮೊತ್ತಕ್ಕೆ ಹೊಸ ಅಂಕಿ ಸೇರಿಸಿದರೆ ಇಡೀ ಕೇರಿಯೇ ಅವನಿಗೆ ಬಾಗಿಲು ಮುಚ್ಚುತ್ತಿದ್ದಿತು. ಕಠೋರವಾದ ಬೆಲೆಯೆಂಬುದು ನಿಜ, ಅನಿರೀಕ್ಷಿತವಾದ ಬೆಲೆಯಲ್ಲ. ಅನಿರೀಕ್ಷಿತವಾದದ್ದು ಆರಂಭವಾದುದು ಊರಿನ ಅಂಗಡಿಯ ಕಡತದಲ್ಲಿ. ಮದುವೆಗೆಂದು ಒಟ್ಟಿಗೆ ತೆಗೆದ ಜವಳಿಗೆ ಮೊದಲು ಬಡ್ಡಿಯ ಪ್ರಸ್ತಾಪವಿಲ್ಲದೆ, ಯುಗಾದಿ ಕಳೆದರೆ ಮಾತ್ರ ‘ವಾಡಿಕೆಯ ಬಡ್ಡಿ’ ಎಂದು ಬಾಯಿಮಾತಿನಲ್ಲಿ ಹೇಳಿ, ಹಬ್ಬ ಕಳೆದ ಮೇಲೆ ಜವಳಿ ತೆಗೆದ ದಿನದಿಂದಲೇ ಬಡ್ಡಿಯನ್ನು ಕಟ್ಟಿ ಪ್ರೋನೋಟು ಬರೆಸಿಕೊಳ್ಳುವ ರೀತಿ. ಮೊದಲನೆಯವನು ಬಡ್ಡಿಯನ್ನು ಬೆಲೆಯಲ್ಲಿ ಅಡಗಿಸಿದನು, ಎರಡನೆಯವನು ಪಂಚಾಂಗದಲ್ಲಿ ಅಡಗಿಸಿದನು. ಇವೆರಡರಲ್ಲಿ ಎರಡನೆಯದೇ ಹೆಚ್ಚು ಕ್ರೂರವೆಂಬುದು ನನ್ನ ಅಭಿಪ್ರಾಯ.

ಈ ವಿದ್ಯೆಯು ನಮ್ಮವರದೇ ಎಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಟ್ಯಾಲಿಮನ್ ಎಂಬ ಹೆಸರಿನ ಮೂಟೆ ವ್ಯಾಪಾರಿಗಳು ಕೂಲಿಕಾರರ ಮನೆಮನೆಗೆ ಬಟ್ಟೆಯನ್ನು ವಾರದ ಕಂತಿಗೆ ಕೊಡುತ್ತಿದ್ದರು. ವೇಲ್ಸಿನ ನ್ಯೂಟೌನಿನಲ್ಲಿ ಪ್ರೈಸ್ ಜೋನ್ಸ್ ಎಂಬ ವರ್ತಕನು 1861ರ ಸುಮಾರಿಗೆ ಅಂಚೆಯ ಮೂಲಕ ಫ್ಲಾನೆಲ್ ಬಟ್ಟೆಯನ್ನು ಮಾರತೊಡಗಿದ ಮೇಲೆ ಮೂಟೆಯ ಬದಲು ಪುಸ್ತಕವೇ ಮನೆಗೆ ಬಂದಿತು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿಯ ಕ್ಯಾಟಲಾಗ್ ಕಂಪೆನಿಗಳು ಚಿತ್ರ ನೋಡಿ ಬಟ್ಟೆ ತರಿಸಿಕೊಂಡು ಕಂತಿನಲ್ಲಿ ತೀರಿಸುವ ಖಾತೆಗಳನ್ನು ಲಕ್ಷಾಂತರ ಸಂಸಾರಗಳಿಗೆ ತೆರೆದವು. ನಗದು ಬೆಲೆಗೂ ಉದ್ದರಿ ಬೆಲೆಗೂ ಇರುವ ಅಂತರವು ಬಡ್ಡಿಯೇ ಅಲ್ಲ, ಅದೊಂದು ಬೇರೆ ಬೆಲೆ ಮಾತ್ರ ಎಂಬ ಸೂಕ್ಷ್ಮವನ್ನು ಅಲ್ಲಿಯ ನ್ಯಾಯಾಧೀಶರು 1827ರ ಬೀಟ್–ಬಿಡ್‌ಗುಡ್ ಮೊಕದ್ದಮೆಯಲ್ಲಿಯೇ ಒಪ್ಪಿಕೊಂಡಿದ್ದರು. ಬಡ್ಡಿಯ ಮೇಲಿನ ಕಾನೂನಿನ ಕೈಗೆ ಬಟ್ಟೆ ವ್ಯಾಪಾರಿಯು ಸಿಕ್ಕದೆ ಜಾರಿಕೊಂಡ ದಾರಿ ಇದೇ.

ನಮ್ಮಲ್ಲಿ ಒಮ್ಮೆ ಮಾತ್ರ ಈ ದಾರಿ ಮುಚ್ಚುವ ಪ್ರಸಂಗ ಬಂದಿತು, ಅದೂ ಯಾರೂ ಉದ್ದೇಶಿಸದೆ. ಎರಡನೆಯ ಮಹಾಯುದ್ಧದಲ್ಲಿ ಬಟ್ಟೆಯ ಅಭಾವವಾಗಲು ಭಾರತ ಸರ್ಕಾರವು 1943ರಲ್ಲಿ ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣಾಜ್ಞೆಯನ್ನು ಹೊರಡಿಸಿ, ಗರಿಷ್ಠ ಬೆಲೆಯನ್ನು ಬಟ್ಟೆಯ ಮೇಲೆಯೇ ಮುದ್ರೆ ಒತ್ತಬೇಕೆಂದು ವಿಧಿಸಿತು. ಮುದ್ರೆಯ ಬೆಲೆಗಿಂತ ಒಂದಾಣೆ ಹೆಚ್ಚು ಕೇಳಿದರೂ ಕಾಳಸಂತೆಯ ಅಪರಾಧ. ಉದ್ದರಿಯ ಬೆಲೆಗೆ ಪ್ರತ್ಯೇಕ ಮುದ್ರೆಯಿಲ್ಲ. ಆಗ ಉದ್ದರಿಯೇ ನಿಂತುಹೋಗಬೇಕು, ಇಲ್ಲವೆ ಬಡ್ಡಿ ಬೇರೊಂದು ಬಾಗಿಲಿನಿಂದ ಬರಬೇಕು. ಯುದ್ಧ ಮುಗಿದು ನಿಯಂತ್ರಣಗಳು ಸಡಿಲಿದ ಮೇಲೆ ಹಳೆಯ ಎರಡು ಬೆಲೆಗಳು ಯಥಾಪ್ರಕಾರ ಹಿಂತಿರುಗಿದವು.

ಸರ್ಕಾರಗಳು ಸುಮ್ಮನಿದ್ದವೆಂದಲ್ಲ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ 1894ರಲ್ಲಿ ಮೈಸೂರು ಸಂಸ್ಥಾನವು ವ್ಯವಸಾಯ ಬ್ಯಾಂಕುಗಳ ಪ್ರಯೋಗವನ್ನು ಮಾಡಿ ಕೈಸುಟ್ಟುಕೊಂಡಿತು; 1905ರಲ್ಲಿ ಸಹಕಾರ ಸಂಘಗಳ ರೆಗ್ಯುಲೇಷನ್ ಬಂದಿತು. ಆದರೂ 1951–52ರ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯು, ರೈತನು ಎತ್ತುವ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳಿಂದ ಬರುವುದು ಮೂರೇ ರೂಪಾಯಿಯೆಂದು ತೋರಿಸಿತು. 1961ರ ಲೇವಾದೇವಿಗಾರರ ಕಾಯಿದೆ, ದೇವರಾಜ ಅರಸರ ಕಾಲದ 1976ರ ಋಣಪರಿಹಾರದ ಕಾಯಿದೆ, 2004ರ ವಿಪರೀತ ಬಡ್ಡಿ ನಿಷೇಧದ ಕಾಯಿದೆ, ಇವೆಲ್ಲವೂ ಹಣವನ್ನು ಸಾಲವಾಗಿ ಕೊಡುವವನನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದವು. ಸೀರೆಯನ್ನು ಸಾಲವಾಗಿ ಕೊಡುವವನು ಅವುಗಳ ಅಂಚಿನಲ್ಲಿಯೇ ಉಳಿದನು. ಸರಕನ್ನು ಕಂತಿನಲ್ಲಿ ಕೊಳ್ಳುವವರ ರಕ್ಷಣೆಗೆಂದು ಪಾರ್ಲಿಮೆಂಟು 1972ರಲ್ಲಿ ಅಂಗೀಕರಿಸಿದ ಬಾಡಿಗೆ-ಖರೀದಿ ಕಾಯಿದೆಯಂತೂ ಒಂದು ದಿನವೂ ಜಾರಿಗೆ ಬರದೆ 2005ರಲ್ಲಿ ರದ್ದಾಯಿತು.

ಕಾನೂನು ಕೈಬಿಟ್ಟಲ್ಲಿ ಹೆಂಗಸರೇ ಒಂದು ಉಪಾಯವನ್ನು ಕಂಡುಕೊಂಡರು. ಸೀರೆ ಚೀಟಿ, ಹಬ್ಬದ ಚೀಟಿ ಎಂದು ಈ ಭಾಗದಲ್ಲಿ ಇಂದಿಗೂ ನಡೆಯುವ ಪದ್ಧತಿಯಲ್ಲಿ ಕಂತು ಮೊದಲು, ಬಟ್ಟೆ ಆಮೇಲೆ; ತಿಂಗಳು ತಿಂಗಳು ಕಟ್ಟಿದ ಹಣಕ್ಕೆ ಯುಗಾದಿಗೋ ದೀಪಾವಳಿಗೋ ಜವಳಿ ಬರುವುದು. ಇಲ್ಲಿ ಸಾಲಗಾರನು ಚೀಟಿ ನಡೆಸುವವನೇ ಹೊರತು ಕಟ್ಟುವವಳಲ್ಲ, ಮತ್ತು ಅವನು ಓಡಿಹೋಗುವ ಪ್ರಸಂಗಗಳೂ ಇಲ್ಲದಿಲ್ಲ; ಆದರೂ ಬಡ್ಡಿಯ ಆಘಾತಕ್ಕಿಂತ ಆ ಅಪಾಯವೇ ಮೇಲೆಂದು ಎಣಿಸುವವರು ಬಹಳ. ಸ್ವಸಹಾಯ ಸಂಘಗಳ ಚಳವಳಿಯೂ ಕೋಲಾರದಲ್ಲಿ ಬೇಗ ಬೇರೂರಿತು. ಅದರ ಬೆನ್ನಲ್ಲೇ ಬಂದ ಮೈಕ್ರೋಫೈನಾನ್ಸ್ ಕಂಪೆನಿಗಳು ‘ಫ್ಲಾಟ್’ ಬಡ್ಡಿಯನ್ನು ಹೇಳಿದವು, ಎಂದರೆ ಸಾಲ ಕರಗುತ್ತಿದ್ದರೂ ಮೊದಲಿನ ಮೊತ್ತದ ಮೇಲೆಯೇ ಕಟ್ಟಿದ ಬಡ್ಡಿ. ನೂರಕ್ಕೆ ಹದಿನೈದೆಂದು ಹೇಳಿದ್ದು ನಿಜದಲ್ಲಿ ಅದರ ಇಮ್ಮಡಿಯ ಸಮೀಪ, ಸೀರೆಯವನ ಐದು ರೂಪಾಯಿಯ ಗಣಿತವೇ. 2009ರಲ್ಲಿ ರೇಷ್ಮೆಯ ವ್ಯಾಪಾರ ಕುಸಿದು ಕೋಲಾರ, ಶಿಡ್ಲಘಟ್ಟ, ರಾಮನಗರಗಳಲ್ಲಿ ಮಹಿಳೆಯರು ಸಾಮೂಹಿಕವಾಗಿ ಕಂತು ಕಟ್ಟುವುದನ್ನು ನಿಲ್ಲಿಸಿದಾಗ ಈ ಜಿಲ್ಲೆಯ ಹೆಸರು ದೇಶದ ಸಾಲದ ಚರ್ಚೆಗಳಲ್ಲೆಲ್ಲ ಕೇಳಿಬಂದಿತು. ಇನ್ನು ಸಹಕಾರ ಬ್ಯಾಂಕುಗಳ ಮೂಲಕ ಸಂಘಗಳಿಗೆ ಸಲ್ಲುವ ಶೂನ್ಯ ಬಡ್ಡಿಯ ಸಾಲವು, ಗಡುವಿನೊಳಗೆ ತೀರಿಸಿದವರಿಗೆ ಮಾತ್ರ ಶೂನ್ಯ, ತಪ್ಪಿದವರಿಗೆ ಬಡ್ಡಿಯುಂಟು. ಉದ್ದೇಶ ಒಳ್ಳೆಯದಾದರೂ ಷರತ್ತಿನ ರೂಪವು ಯುಗಾದಿಯ ಕಡತವನ್ನೇ ಹೋಲುತ್ತದೆಂದು ಹೇಳದೆ ವಿಧಿಯಿಲ್ಲ.

ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿಯ ಮಕ್ಕಳು ದಿನಂಪ್ರತಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ; ಬಂಗಾರಪೇಟೆ, ಟೇಕಲ್, ಮಾಲೂರುಗಳ ತರುಣರೂ ಅದೇ ಗಾಡಿಯಲ್ಲಿ. ಅವರ ಕೈಯಲ್ಲಿರುವ ಫೋನೇ ಈಗ ಮೂಟೆ, ಅದೇ ಕಡತ. ಅದರಲ್ಲಿ ಸೀರೆ, ಜೀನ್ಸುಗಳ ಚಿತ್ರಗಳ ಕೆಳಗೆ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎಂದೂ ‘ನೋ ಕಾಸ್ಟ್ ಇಎಂಐ’ ಎಂದೂ ಬರೆದಿರುತ್ತದೆ. ಇಂಥ ಖಾತೆಗಳ ಅತ್ಯಂತ ನಿರ್ದಯವಾದ ರೂಪವನ್ನು ಲೆಕ್ಕ ಹಾಕಿ ನೋಡಬಹುದು: ಆರು ಸಾವಿರದ ಬಟ್ಟೆ, ಮೂರು ತಿಂಗಳು ಬಡ್ಡಿಯಿಲ್ಲ, ಆಮೇಲೆ ತಿಂಗಳಿಗೆ ನೂರಕ್ಕೆ ಮೂರು. ಕೊನೆಯ ದಿನ 5,900 ರೂಪಾಯಿ ಕಟ್ಟಿ ನೂರು ರೂಪಾಯಿಯನ್ನು ಮರೆತವನಿಗೆ, ಕೊಂಡ ದಿನದಿಂದ ಪೂರ್ತಿ ಆರು ಸಾವಿರಕ್ಕೆ ಬಡ್ಡಿಯೆಂಬ ಷರತ್ತಿದ್ದರೆ, 540 ರೂಪಾಯಿ ಬಡ್ಡಿ ಬೀಳುತ್ತದೆ. ಬ್ರಿಟನ್ನಿನ ಬಟ್ಟೆ ಕ್ಯಾಟಲಾಗ್ ಖಾತೆಗಳಲ್ಲಿ ಇಂಥ ಹಿಂದಿನಿಂದ ಎಣಿಸುವ ಬಡ್ಡಿಯ ದೂರು ಬೆಳೆದು, ಗಡುವಿನೊಳಗೆ ತೀರಿಸಿದ ಭಾಗಕ್ಕೆ ಬಡ್ಡಿ ಹಾಕಕೂಡದೆಂದು ಅಲ್ಲಿಯ ನಿಯಂತ್ರಕರು 2019ರ ನವೆಂಬರಿನಿಂದ ನಿಯಮವನ್ನು ತಂದರು. ಅಂದರೆ ಮೇಲಿನ ಲೆಕ್ಕದಲ್ಲಿ 540ರ ಸ್ಥಳದಲ್ಲಿ 9 ರೂಪಾಯಿ.

ನಮ್ಮ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿ, ಶೂನ್ಯ ಬಡ್ಡಿಯೆಂಬ ಸಾಲವೇ ಇಲ್ಲ, ಬಡ್ಡಿಯು ಸಂಸ್ಕರಣ ಶುಲ್ಕದಲ್ಲಿಯೋ ಬೆಲೆಯಲ್ಲಿಯೋ ಅಡಗಿರುತ್ತದೆ ಎಂಬ ಅಭಿಪ್ರಾಯದಿಂದ ಬ್ಯಾಂಕುಗಳ ಅಂಥ ಯೋಜನೆಗಳನ್ನು ನಿಲ್ಲಿಸಿತು. ಟೇಕಲ್ಲಿನ ಯಾವ ಮುದುಕಿಯಾದರೂ ಅದನ್ನು ಅವರಿಗೆ ಮೊದಲೇ ಹೇಳಬಹುದಾಗಿದ್ದಿತು. ಹೆಸರನ್ನು ಕೊಂಚ ತಿದ್ದಿಕೊಂಡು, ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿಯೆಂದು ತೋರಿಸಿ, ಯೋಜನೆಗಳು ಮರಳಿ ಬಂದವು. 2024ರ ಅಕ್ಟೋಬರ್ 1ರಿಂದ ಬ್ಯಾಂಕು ಮತ್ತು ಹಣಕಾಸು ಕಂಪೆನಿಗಳು ಪ್ರತಿಯೊಂದು ಹೊಸ ಚಿಲ್ಲರೆ ಅವಧಿ ಸಾಲಕ್ಕೂ, ಶುಲ್ಕಗಳನ್ನೆಲ್ಲ ಸೇರಿಸಿದ ವಾರ್ಷಿಕ ದರವನ್ನು ಒಂದು ಮುಖ್ಯ ವಿವರಪತ್ರದಲ್ಲಿ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ, ಮೊದಲೇ ಬರೆದುಕೊಡತಕ್ಕದ್ದೆಂಬ ಕಟ್ಟಳೆಯಿದೆ. ಅಂಗಡಿಯವನು ತನ್ನ ಕೈಯಿಂದಲೇ ಕೊಡುವ ಉದ್ದರಿಗೂ, ಹಬ್ಬದ ಚೀಟಿಗೂ, ಈಗಲೂ ಮೋಟಾರು ಸೈಕಲ್ಲಿನ ಮೇಲೆ ಗಂಟು ಕಟ್ಟಿಕೊಂಡು ಹಳ್ಳಿಗಳಿಗೆ ಬರುವ ಕಂತಿನ ವ್ಯಾಪಾರಕ್ಕೂ ಆ ಕಟ್ಟಳೆ ತಗಲುವುದಿಲ್ಲ.